ಉದ್ಯಮಬಾಗದ ಫೈಲ್ ಸರ್ವರ್: ತಪ್ಪು ಅಪ್‌ಗ್ರೇಡಿನದಲ್ಲ, ರೀಬೂಟಿನದು

ಸರ್ವರಿನ ಆಪರೇಟಿಂಗ್ ಸಿಸ್ಟಂ ಫ್ರೀಬಿಎಸ್‌ಡಿಯನ್ನು 13ರಿಂದ 14ಕ್ಕೆ ಏರಿಸಿದ ಮೇಲೆ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲು ಹಂಚುವ ವ್ಯವಸ್ಥೆ) ನಿಂತರೆ ಎಲ್ಲರೂ ಬೈಯುವುದು ಅಪ್‌ಗ್ರೇಡನ್ನೇ. ಬೆಳಗಾವಿ ಉದ್ಯಮಬಾಗದ ಮಷೀನ್ ಶಾಪ್ ಒಂದರಲ್ಲೂ ಅದೇ ಆಯ್ತು. ‘ಹಳೇ ವರ್ಷನ್‌ಗೆ ವಾಪಸ್ ಹೋಗ್ರಿ, ಇಲ್ಲಾಂದ್ರ ಹೊಸ ನ್ಯಾಸ್ ತಗೋರಿ’ ಅಂದವರೇ ಹೆಚ್ಚು. ನ್ಯಾಸ್ ಅಂದರೆ ಫೈಲು ಇಡಲೆಂದೇ ಇರುವ ರೆಡಿಮೇಡ್ ಪೆಟ್ಟಿಗೆ. ಅದರ ಕೊಟೇಶನ್ ಡಿಸ್ಕ್ ಸಮೇತ ಐವತ್ತೈದು ಸಾವಿರದ ಆಸುಪಾಸು. ಕೊನೆಗೆ ಖರ್ಚಾದದ್ದು ಹಳೇ ಇಂಟೆಲ್ ನೆಟ್‌ವರ್ಕ್ ಕಾರ್ಡಿಗೆ ಹನ್ನೆರಡು ನೂರು, ಅದೂ ಬೇರೆ ಕೆಲಸಕ್ಕೆ.

ಆ ಸರ್ವರ್ ಒಂದೂವರೆ ವರ್ಷದಿಂದ ರೀಬೂಟ್ ಆಗಿರಲಿಲ್ಲ. ಇಂಥದೇ ಪೋರ್ಟ್ (ಸಂಪರ್ಕ ಬರುವ ನಂಬರಿನ ಬಾಗಿಲು) ಅಂತ ಹೇಳದಿದ್ದರೆ, ಕ್ಲೈಂಟಿಗೆ ಫೋಲ್ಡರ್ ಜೋಡಿಸಿಕೊಡುವ ಮೌಂಟ್‌ಡಿ ಏಳುವಾಗೆಲ್ಲ ಕೈಗೆ ಸಿಕ್ಕ ಪೋರ್ಟ್ ಹಿಡಿಯುತ್ತದೆ. ಫೈಲ್ ಲಾಕ್ ನೋಡಿಕೊಳ್ಳುವ ಲಾಕ್‌ಡಿ, ಅದರ ಜೊತೆಗಾರ ಸ್ಟ್ಯಾಟ್‌ಡಿ ಕೂಡ ಹಾಗೇ. ಹಿಂದೆ ಯಾರೋ ಪೋರ್ಟ್ ತೋರಿಸುವ ಆರ್‌ಪಿಸಿಇನ್ಫೋ ನೋಡಿ ಅವತ್ತಿನ ನಂಬರುಗಳನ್ನೇ ಪಿಎಫ್ ಫೈರ್‌ವಾಲಿನ ನಿಯಮದಲ್ಲಿ ಬರೆದಿಟ್ಟಿದ್ದರು. ರೀಬೂಟ್ ಆಯ್ತು, ನಂಬರು ಬದಲಾಯ್ತು, ಬಾಗಿಲು ಹಾಕಿತು.

ಮೊದಲ ದಿನ 111 (ಯಾವ ಸೇವೆ ಯಾವ ಪೋರ್ಟಿನಲ್ಲಿದೆ ಅಂತ ಹೇಳುವುದು), 2049 (ಎನ್‌ಎಫ್‌ಎಸ್‌ನದೇ ಪೋರ್ಟ್) ಎರಡನ್ನೂ ತೆರೆದು ಕೂತೆ. ಉಪಯೋಗವಿಲ್ಲ. ಹಂಚಿದ ಫೋಲ್ಡರ್ ಪಟ್ಟಿ ಕೇಳುವ ಶೋಮೌಂಟ್ ಹಾಗೇ ತೂಗಾಡಿ ಟೈಮ್‌ಔಟ್. ಪಿಎಫ್ ಆಫ್ ಮಾಡಿದರೆ ಎಲ್ಲ ಸರಿ, ಆನ್ ಮಾಡಿದರೂ ಹಳೇ ಕ್ಲೈಂಟ್ ಓಡುತ್ತಲೇ ಇತ್ತು! ಮೋಸ ಇಲ್ಲೇ ಇದೆ: ಆಗಲೇ ಕೂಡಿಬಿದ್ದ ಸಂಪರ್ಕದ ಸ್ಟೇಟ್ (ಪಿಎಫ್ ಇಟ್ಟುಕೊಂಡ ದಾಖಲೆ) ಉಳಿದಿದ್ದರೆ ಹೊಸ ನಿಯಮ ಅದನ್ನು ಮುಟ್ಟುವುದಿಲ್ಲ. ಸ್ಟೇಟ್ ಟೇಬಲ್ ತೊಳೆದೇ ಪರೀಕ್ಷೆ ಮಾಡಬೇಕು. ಆಗ ನಿಮ್ಮ ಎಸ್‌ಎಸ್‌ಎಚ್ (ದೂರದಿಂದ ಮಾಡಿದ ಲಾಗಿನ್) ಕೂಡ ಸಾಯುತ್ತದೆ, ಆದ್ದರಿಂದ ಸರ್ವರಿನ ಕೀಬೋರ್ಡ್ ಮುಂದೆಯೇ ಇರಿ. ತಡೆದದ್ದನ್ನು ದಾಖಲಿಸುವ ‘ಬ್ಲಾಕ್ ಲಾಗ್’ ಹಾಕಿ, ಆ ದಾಖಲೆ ಬರುವ ಪಿಎಫ್‌ಲಾಗ್0 ಮೇಲೆ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಬಿಟ್ಟಾಗಲೇ ಕಂಡದ್ದು: 111ಕ್ಕೆ ಉತ್ತರ ಹೋಗುತ್ತದೆ, ಮರುಕ್ಷಣ ಕ್ಲೈಂಟ್ ಆರುನೂರರ ಆಚೀಚೆಯ ಯಾವುದೋ ಪೋರ್ಟ್ ಬಡಿದು ಬ್ಲಾಕ್ ಆಗುತ್ತದೆ.

ಬೂಟ್ ಸೆಟ್ಟಿಂಗಿನ ಫೈಲು ಆರ್‌ಸಿ.ಕಾನ್ಫ್‌ನಲ್ಲಿ ಮೌಂಟ್‌ಡಿಗೆ ‘ಮೈನಸ್ ಪಿ’ ಕೊಟ್ಟು 4002, ಸ್ಟ್ಯಾಟ್‌ಡಿಗೆ 4003, ಲಾಕ್‌ಡಿಗೆ 4004 ಕಾಯಂ ಮಾಡಿದೆ. ಪಿಎಫ್‌ನಲ್ಲಿ ಇವು ಮೂರು, ಜತೆಗೆ 111, 2049. ಟಿಸಿಪಿ, ಯುಡಿಪಿ ಎರಡೂ, ಒಳಗಿನ ನೆಟ್‌ವರ್ಕಿಗೆ ಮಾತ್ರ. 4004 ತೆರೆಯಲು ಮರೆತರೂ ಮೌಂಟ್ ಆಗುತ್ತದೆ, ಎಲ್‌ಎಸ್ ಕೊಟ್ಟರೆ ಫೈಲುಗಳೂ ಕಾಣುತ್ತವೆ, ಆದರೆ ಲಿಬ್ರೆಆಫೀಸ್ ಫೈಲ್ ತೆರೆಯಲು ಹೋಗಿ ಗಪ್ಪಂತ ನಿಲ್ಲುತ್ತದೆ. ಲಾಕ್ ಸಿಗುತ್ತಿಲ್ಲ ಅಷ್ಟೇ. ನಾನು ಅರ್ಧ ದಿನ ಡಿಸ್ಕ್ ಮೇಲೆ ಅನುಮಾನ ಪಟ್ಟೆ. ಎನ್‌ಎಫ್‌ಎಸ್ 4 ಮಾತ್ರ ಬಳಸಿದರೆ ಈ ತ್ರಾಸೇ ಇಲ್ಲ, 2049 ಒಂದೇ ಸಾಕು. ಹಂಚುವ ಫೋಲ್ಡರ್ ಪಟ್ಟಿಯಿರುವ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ‘ವಿ4:’ ಸಾಲು ಮರೆಯಬೇಡಿ. ಅಲ್ಲಿಯ ಎರಡು ಹಳೇ ಕ್ಲೈಂಟುಗಳಿಗೆ 4 ಬರುತ್ತಿರಲಿಲ್ಲ, ಹಾಗಾಗಿ 3 ಉಳಿಯಿತು.

ವಿಂಡೋಸ್ ಪೆಟ್ಟಿಗೆಗಳಿಗೆ ಫೈಲು ಹಂಚುವ ಸಾಂಬಾದ್ದು ಬೇರೆ ಕಥೆ. ಅಪ್‌ಗ್ರೇಡ್ ಮಾಡುವ ಫ್ರೀಬಿಎಸ್‌ಡಿ-ಅಪ್‌ಡೇಟ್‌ನ ಮೂರನೇ ಇನ್‌ಸ್ಟಾಲ್ ಹಳೇ ಲೈಬ್ರರಿಗಳನ್ನು ಕಿತ್ತು ಹಾಕುತ್ತದೆ. ಅದಕ್ಕೂ ಮೊದಲೇ ಪಿಕೆಜಿ-ಸ್ಟ್ಯಾಟಿಕ್‌ನಿಂದ ಪ್ಯಾಕೇಜುಗಳನ್ನೆಲ್ಲ ಬಲವಂತವಾಗಿ ಏರಿಸಿಕೊಳ್ಳಿ. ತಡಮಾಡಿದರೆ ‘ಶೇರ್ಡ್ ಆಬ್ಜೆಕ್ಟ್ ಸಿಗಲಿಲ್ಲ’ ಅಂತ ಸಾಂಬಾ ಏಳುವುದೇ ಇಲ್ಲ. ಅದನ್ನು ಎಬ್ಬಿಸಿದ ಮೇಲೂ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಕಳಿಸುವ ವಿಂಡೋಸ್ ಎಕ್ಸ್‌ಪಿ ಪೆಟ್ಟಿಗೆ ಒಳಗೆ ಬರಲಿಲ್ಲ: ಎಕ್ಸ್‌ಪಿಗೆ ಗೊತ್ತಿರುವ ಹಳೇ ಫೈಲ್-ಹಂಚಿಕೆ ಭಾಷೆ ಎಸ್‌ಎಂಬಿ1 ಸಾಂಬಾ 4.11ರಿಂದ ಡಿಫಾಲ್ಟಾಗಿ ಬಂದ್. ‘ಸರ್ವರ್ ಮಿನ್ ಪ್ರೋಟೋಕಾಲ್’ ಅನ್ನು ಎನ್‌ಟಿ1ಕ್ಕೆ (ಅಂದರೆ ಎಸ್‌ಎಂಬಿ1ಕ್ಕೆ) ಇಳಿಸಿ, ಹಳೇ ಲಾಗಿನ್ ಪದ್ಧತಿ ಒಪ್ಪುವ ‘ಎನ್‌ಟಿಎಲ್‌ಎಂ ಆಥ್’ ಯೆಸ್ ಮಾಡಿದರೆ ಬರುತ್ತದೆ. ಆದರೆ ಇವು ಗ್ಲೋಬಲ್ ಸೆಟ್ಟಿಂಗ್, ಇಡೀ ಸರ್ವರ್ ಬೆತ್ತಲಾಗುತ್ತದೆ. ಅದಕ್ಕೇ ಆ ಇಂಟೆಲ್ ಕಾರ್ಡ್. ಎಕ್ಸ್‌ಪಿಗೆ ಪ್ರತ್ಯೇಕ ತಂತಿ, ಒಂದು ಜೈಲಿನೊಳಗೆ (ಸರ್ವರಿನಲ್ಲೇ ಬೇರ್ಪಡಿಸಿದ ಕೋಣೆ) ಬೇರೆ ಸಾಂಬಾ, ಓದಲು ಮಾತ್ರ ಅವಕಾಶ. ಜೈಲಿಗೆ ಫೋಲ್ಡರ್ ಹೇಗೆ ತೋರಿಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆ ಕಾರ್ಡ್ ಬಂದ ಹುರುಪಿನಲ್ಲಿ ಹಳೇ ಲೈನಿನಲ್ಲೂ ಎಂಟಿಯು (ಒಂದು ಸಲಕ್ಕೆ ಕಳಿಸುವ ಪ್ಯಾಕೆಟ್ಟಿನ ಗರಿಷ್ಠ ಅಳತೆ) 9000 ಮಾಡಿ ನೋಡಿದೆ. ಸಣ್ಣ ಜಿ-ಕೋಡ್ ಫೈಲುಗಳು ಸರಾಗ, 40 ಎಂಬಿಯ ಡ್ರಾಯಿಂಗ್ ಮಾತ್ರ ನಡುವೆ ಸಿಕ್ಕಿಕೊಂಡಿತು. ಮತ್ತೆ ಫೈರ್‌ವಾಲ್ ಅಂದುಕೊಂಡೆ. ಆದರೆ ಪಿಎಫ್‌ಲಾಗ್ ಖಾಲಿ ಇತ್ತು. ನಡುವಿನ ಅಗ್ಗದ ಸ್ವಿಚ್ಚಿಗೆ ಅಷ್ಟು ದೊಡ್ಡ ಫ್ರೇಮ್ ನುಂಗಲು ಬರುತ್ತಿರಲಿಲ್ಲ. 1500ಕ್ಕೆ ವಾಪಸ್ ತಂದೆ.