ಕೊಯ್ಲಿನ ತಲೆಬಿಸಿ ನಡುವೆ ಮೈಂಡ್‌ಫುಲ್‌ನೆಸ್ ಧ್ಯಾನ: ಶುರು ಮಾಡೋದು ಹೇಗೆ?

ಧ್ಯಾನ ಅಂದ ಕೂಡಲೇ ನಮ್ಮ ಚಿಕ್ಕಮಗಳೂರು ಕಡೆ ಎರಡು ಮಾತು ಕೇಳಿಬರುತ್ತವೆ. ‘ಮಂಡಿ ನೋವು, ಪದ್ಮಾಸನ ಹಾಕೋಕೆ ಆಗಲ್ಲ’ ಅನ್ನೋದು ಒಂದು. ‘ಕಣ್ಣು ಮುಚ್ಚಿದ್ರೆ ಯೋಚನೆ ಇನ್ನೂ ಜಾಸ್ತಿ ಆಗುತ್ತೆ ಮಾರಾಯ್ರೆ’ ಅನ್ನೋದು ಇನ್ನೊಂದು. ಎರಡೂ ಅಡ್ಡಿಯಲ್ಲ. ಈ ಧ್ಯಾನಕ್ಕೆ ಪದ್ಮಾಸನ ಬೇಡ, ಯೋಚನೆ ನಿಲ್ಲಿಸಬೇಕು ಅಂತಲೂ ಇಲ್ಲ. ಈ ಹೊತ್ತಿನಲ್ಲಿ ಮೈಯಲ್ಲಿ, ಮನಸ್ಸಿನಲ್ಲಿ ಏನು ನಡೆಯುತ್ತಿದೆಯೋ ಅದನ್ನು ಸರಿ ತಪ್ಪು ಅನ್ನದೆ ಗಮನಿಸಿದರೆ ಸಾಕು.

ಇದರ ಬೇರು ಬೌದ್ಧರ ಅಭ್ಯಾಸದಲ್ಲಿದೆ. ಆಸ್ಪತ್ರೆಗಳಿಗೆ ತಂದವರಲ್ಲಿ ಮುಖ್ಯರು ಅಮೆರಿಕದ ಜಾನ್ ಕಬತ್-ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ದೀರ್ಘಕಾಲದ ನೋವು, ಒತ್ತಡ ಇದ್ದವರಿಗಾಗಿ ಅವರು ಒಂದು ತರಬೇತಿ ಶುರು ಮಾಡಿದರು, ಅದು ಈಗ 8 ವಾರಗಳದ್ದು. ಅದರಲ್ಲಿ ಮಂತ್ರವಿಲ್ಲ, ಪೂಜೆಯಿಲ್ಲ. ಯಾವ ಮನೆಯವರೂ ಮಾಡಬಹುದು.

ಮೊದಲ ವಾರ 5 ನಿಮಿಷ ಸಾಕು. ಕುರ್ಚಿಯಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಊರಿ, ಬೆನ್ನು ನೆಟ್ಟಗಿಡಿ, ಆದರೆ ಸೆಟೆದುಕೊಳ್ಳಬೇಡಿ. ಫೋನಿನಲ್ಲಿ ಟೈಮರ್ ಇಟ್ಟು ಇಂಟರ್ನೆಟ್ ಆಫ್ ಮಾಡಿ. ಇಲ್ಲದಿದ್ದರೆ ಎರಡನೇ ನಿಮಿಷಕ್ಕೇ ‘ಇವತ್ತಿನ ಕಾಫಿ ರೇಟ್’ ಅಂತ ಮೆಸೇಜ್ ಬಂದು ಕೂರುತ್ತದೆ. ಈಗ ಉಸಿರು ಎಲ್ಲಿ ಚೆನ್ನಾಗಿ ಗೊತ್ತಾಗುತ್ತದೆ ನೋಡಿ. ಮೂಗಿನ ಹೊಳ್ಳೆಯಲ್ಲೋ, ಹೊಟ್ಟೆಯಲ್ಲೋ? ಗಮನ ಅಲ್ಲಿಡಿ. ಉಸಿರನ್ನು ಎಳೆಯುವುದು, ಹಿಡಿಯುವುದು ಏನೂ ಬೇಡ, ಅದರ ಪಾಡಿಗೆ ಅದು ಬಂದು ಹೋಗಲಿ.

ನಾಲ್ಕು ಉಸಿರು ಆಗೋದರೊಳಗೆ ಮನಸ್ಸು ಹೊರಟಿರುತ್ತದೆ. ನಾಳೆ ಕೊಯ್ಲಿಗೆ ಆಳು ಬರ್ತಾರಾ, ಕಣದಲ್ಲಿ ಹರಡಿದ ಕಾಫಿ ಮೇಲೆ ಮಳೆ ಬಿದ್ರೆ ಏನು ಗತಿ, ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಯಾಕೆ ಇನ್ನೂ ಫೋನ್ ಮಾಡಿಲ್ಲ, ಮಗಳ ಕಾಲೇಜ್ ಫೀಸು, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು. ಬಹಳ ಜನ ಇಲ್ಲಿಯೇ ‘ನನ್ನ ಕೈಲಾಗಲ್ಲ’ ಅಂತ ಎದ್ದುಬಿಡುತ್ತಾರೆ. ಆದರೆ ಮನಸ್ಸು ಹೋಗಿದೆ ಅಂತ ಗೊತ್ತಾಯ್ತಲ್ವಾ, ಆ ಗೊತ್ತಾಗುವುದನ್ನೇ ನೀವು ಕಲಿಯುತ್ತಿರುವುದು. ಬೈದುಕೊಳ್ಳಬೇಡಿ. ‘ಯೋಚನೆ’ ಅಂತ ಒಳಗೇ ಒಂದು ಸಲ ಹೇಳಿಕೊಂಡು ಉಸಿರಿಗೆ ವಾಪಸ್ ಬನ್ನಿ. ಐವತ್ತು ಸಲ ಹೋದರೆ ಐವತ್ತು ಸಲ ಬನ್ನಿ. ಎರಡನೇ ವಾರ 10 ನಿಮಿಷ ಮಾಡಿ. ಒಂದು ದಿನ ತಪ್ಪಿದರೆ ಮಾರನೇ ದಿನ ಡಬಲ್ ಮಾಡಿ ಸಾಲ ತೀರಿಸಲು ಹೋಗಬೇಡಿ.

ಕೂರಲು ಬೇಜಾರಾದರೆ ನಿಂತೇ ಮಾಡಿ. ನಿಂತು ಧ್ಯಾನ ಮಾಡುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ, ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಗೊಮ್ಮಟ ನಿಂತಿರುವುದೇ ಕಾಯೋತ್ಸರ್ಗದ, ಅಂದರೆ ಜೈನರ ನಿಂತ ಧ್ಯಾನದ ಭಂಗಿಯಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಅಂಗಾಲಿನ ಮೇಲೆ ಬೀಳುವ ಭಾರ, ಬಿಗಿ ಹಿಡಿದ ದವಡೆ, ಕಿವಿ ಹತ್ತಿರ ಏರಿ ಕೂತ ಭುಜ, ಇವನ್ನು ಒಂದೊಂದಾಗಿ ಗಮನಿಸಿ. ನಡೆಯುತ್ತಲೂ ಮಾಡಬಹುದು, ಹೆಜ್ಜೆ ಎತ್ತಿದ್ದು ಊರಿದ್ದು ಗಮನಿಸುತ್ತಾ. ಆದರೆ ಸಕಲೇಶಪುರ, ಆಲೂರು ಕಡೆಯವರು ದಯವಿಟ್ಟು ಬೆಳಗಿನ ಜಾವ ತೋಟದ ದಾರಿಯಲ್ಲಿ ನೆಲ ನೋಡಿಕೊಂಡು ನಡೆಯಬೇಡಿ! ಆನೆ ಧ್ಯಾನಕ್ಕೆಲ್ಲಾ ಮರ್ಯಾದೆ ಕೊಡಲ್ಲ. ಮನೆ ಅಂಗಳದಲ್ಲೇ ಅತ್ತಿಂದಿತ್ತ ನಡೆಯಿರಿ.

ಕಬತ್-ಜಿನ್ ತರಬೇತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ತಿನ್ನಿಸುತ್ತಾರೆ. ನಮಗೆ ಕಾಫಿ ಇದೆಯಲ್ಲ. ದಿನದ ಮೊದಲ ಲೋಟವನ್ನು ಫೋನಿಲ್ಲದೆ ಕುಡಿಯಿರಿ. ಲೋಟದ ಬಿಸಿ, ವಾಸನೆ, ನಾಲಿಗೆಯ ಹಿಂದೆ ಉಳಿಯುವ ಕಹಿ. ಕಾಫಿ ನಾಡಿನಲ್ಲಿ ಕೂತು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ: ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು. ಸಂಜೆ ಏಳಕ್ಕೆ ಸ್ಟ್ರಾಂಗ್ ಕಾಫಿ ಕುಡಿದು, ರಾತ್ರಿ ನಿದ್ದೆ ಬರಲಿಲ್ಲ ಅಂತ ಧ್ಯಾನಕ್ಕೆ ಕೂತರೆ ಪಾಪ ಧ್ಯಾನ ಏನು ಮಾಡೀತು?

ಬ್ಯಾಂಕಿನಿಂದ ಫೋನ್ ಬಂತು, ಎದೆ ಹೊಡೆದುಕೊಳ್ಳುತ್ತಿದೆ ಅನ್ನಿ. ಆಗ 4 ಎಣಿಸುತ್ತಾ ಉಸಿರು ಒಳಗೆ, 6 ಎಣಿಸುತ್ತಾ ಹೊರಗೆ. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೇ ಬಿಡುವ ಉಸಿರು ಉದ್ದ ಇರಬೇಕು. ನಾಲ್ಕೈದು ಸಲ ಮಾಡಿ ಆಮೇಲೆ ಫೋನ್ ಎತ್ತಿ.

ಇಷ್ಟೆಲ್ಲ ಮಾಡಿದರೂ ರೇಟ್ ಏರಲ್ಲ, ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಸರಿಯಾಗಿ ಬರಲ್ಲ. ಆದರೆ ಸಿಟ್ಟು ಬಂದದ್ದು ಸ್ವಲ್ಪ ಮುಂಚೆ ಗೊತ್ತಾಗುತ್ತದೆ. ರಾತ್ರಿ ಹತ್ತಕ್ಕೆ ಫ್ಯಾಮಿಲಿ ಗ್ರೂಪಿನಲ್ಲಿ ತಮ್ಮನಿಗೆ ಉದ್ದುದ್ದ ಬೈಗುಳ ಟೈಪ್ ಮಾಡುವ ಮುಂಚೆ ಬೆರಳು ನಿಂತರೆ, ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಲಾಭ.

ಹೊಸಬರು ನೇರವಾಗಿ 10 ದಿನಗಳ ವಿಪಶ್ಯನ ಶಿಬಿರಕ್ಕೆ ಹೋಗಬೇಡಿ ಅಂತಲೇ ನಾನು ಹೇಳುವುದು. ಅಲ್ಲಿ ಮಾತಿಲ್ಲ, ಫೋನಿಲ್ಲ, ದಿನಕ್ಕೆ ಹತ್ತು ಗಂಟೆಯಷ್ಟು ಕೂರಬೇಕು. ಮನೆಯಲ್ಲಿ ಕೆಲವು ತಿಂಗಳು ಮಾಡಿ ನೋಡಿ, ಆಮೇಲೆ ಯೋಚಿಸಿ. ಹಳೆಯ ಆಘಾತ ಇರುವ ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಗಾಬರಿ ಹೆಚ್ಚಾಗುವುದುಂಟು. ಅಂಥವರು ಕಣ್ಣು ತೆರೆದು, ಉಸಿರಿನ ಬದಲು ಹೊರಗಿನ ಸದ್ದು ಕೇಳಿ. ಆದರೂ ಆಗದಿದ್ದರೆ ಬಿಟ್ಟುಬಿಡಿ. ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆ ಯಾವುದನ್ನೂ ಧ್ಯಾನ ನಂಬಿ ನಿಲ್ಲಿಸಬೇಡಿ. ನಿದ್ದೆ ಊಟ ಬಿಟ್ಟುಹೋಗುವಷ್ಟು ಬೇಸರ ಇದ್ದರೆ, ಬದುಕೇ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.