ಕೀನ್ಯಾದ ಮಿಷನ್ ಶಾಲೆಗೆ ಪಾಠ ಹೇಳಲು ಹೊರಟಿದ್ದೀರಾ?

ನಾನು ತುಮಕೂರಿನ ನಿವೃತ್ತ ಗಣಿತ ಟೀಚರ್. ಕಿಸುಮು ಹತ್ತಿರದ ಬಡ ಮಕ್ಕಳ ಮಿಷನ್ ಶಾಲೆಯಲ್ಲಿ ಮೂರು ತಿಂಗಳಿದ್ದೆ.

ಮೊದಲು ಕಾಗದಪತ್ರ. ಸಂಬಳ ಇಲ್ಲದಿದ್ದರೂ ಅದು ಕೆಲಸವೇ, ಸುಮ್ನೆ ಪ್ರವಾಸಿಯಾಗಿ ಹೋಗಿ ಪಾಠ ಮಾಡುವಂತಿಲ್ಲ. ಶಾಲೆಯವರಿಂದಲೇ ಪರ್ಮಿಟ್‌ಗೆ ಅರ್ಜಿ ಹಾಕಿಸಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲೇ ಹಾಕಿಸಿಕೊಳ್ಳಿ. ಆ ಕಾರ್ಡ್ ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮವರೇ ಕ್ವಾರಂಟೈನ್‌ಗೆ ಕಳಿಸುತ್ತಾರೆ.

ಪ್ಲಾಸ್ಟಿಕ್ ಚೀಲ ಬೇಡ, ಅಲ್ಲಿ 2017ರಿಂದ ನಿಷೇಧ. ನನ್ನ ಉಪ್ಪಿನಕಾಯಿ ಡಬ್ಬಿ ಹಳೇ ಸೀರೆಯಲ್ಲಿ ಸುತ್ತಿಕೊಂಡು ಹೋಯಿತು!

ಅಲ್ಲಿನ ಊಟ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸುಕುಮಾ ವೀಕಿ ಸೊಪ್ಪು. ನಮ್ಮ ಮುದ್ದೆಯಂತೆ ನುಂಗಲು ಹೋಗಬೇಡಿ, ಅಗಿಯಬೇಕು. ನಾನು ನುಂಗಿದ್ದು ನೋಡಿ ಮಕ್ಕಳು 'ಮ್ವಾಲಿಮು, ಮ್ವಾಲಿಮು' ಎಂದು ನಕ್ಕರು. ಹಾಗೆಂದರೆ ಟೀಚರ್.