ಪುಸ್ತಕ ಮುಚ್ಚಿ ಮಾಡುವ ಪುನರಾವರ್ತನೆ: ನನ್ನ ಅನುಭವ

ಪರೀಕ್ಷೆಗೆ ಪುನರಾವರ್ತನೆ ಎಂದರೆ ಪಾಠವನ್ನು ಇನ್ನೊಂದು ಸಲ ಓದುವುದು ಎಂದೇ ಬಹಳ ಮಕ್ಕಳು ತಿಳಿದಿರುತ್ತಾರೆ. ನಾನು ಮಾಡಿಕೊಂಡು ಬಂದ ಕ್ರಮ ಬೇರೆ: ಮೊದಲು ಪುಸ್ತಕ ಮುಚ್ಚಿ ಬರೆಯುವುದು, ಆಮೇಲೆ ತೆರೆದು ನೋಡುವುದು. ನನ್ನ ಪರೀಕ್ಷೆಗಳಿಗೂ ಹೀಗೇ ಓದಿದೆ, ಈಗ ಮಕ್ಕಳಿಗೆ ಹೇಳಿಕೊಡುವಾಗಲೂ ಇದನ್ನೇ ಮಾಡಿಸುತ್ತೇನೆ.

ಒಂದು ಅಧ್ಯಾಯಕ್ಕೆ ಒಂದು ಖಾಲಿ ಹಾಳೆ, ಇಪ್ಪತ್ತು ನಿಮಿಷ. ಮೇಲೆ ಅಧ್ಯಾಯದ ಹೆಸರು ಬರೆದು, ವ್ಯಾಖ್ಯೆ, ಸೂತ್ರ, ಚಿತ್ರ, ಇಸವಿ ಹೀಗೆ ನೆನಪಿಗೆ ಬಂದದ್ದನ್ನೆಲ್ಲ ನೀಲಿ ಶಾಯಿಯಲ್ಲಿ ಇಳಿಸಬೇಕು. ನೆನಪಾಗದೆ ನಿಂತ ಕಡೆ ಒಂದೆರಡು ನಿಮಿಷ ಒದ್ದಾಡಬೇಕು. ತಕ್ಷಣ ಪುಸ್ತಕ ತೆರೆದರೆ ಅಭ್ಯಾಸ ಅಲ್ಲಿಗೇ ಕೆಟ್ಟಿತು. ಸಮಯ ಮುಗಿದ ಮೇಲೆ ಪುಸ್ತಕ ತೆರೆದು, ಬಿಟ್ಟದ್ದನ್ನೂ ತಪ್ಪಿದ್ದನ್ನೂ ಕೆಂಪು ಶಾಯಿಯಲ್ಲಿ ಸೇರಿಸುವುದು. ಮುಂದಿನ ಸಲ ಮೊದಲು ನೋಡಬೇಕಾದದ್ದು ಆ ಕೆಂಪು ಅಕ್ಷರಗಳನ್ನೇ.

ಹೃದಯದ ಪಾಠವನ್ನೇ ತೆಗೆದುಕೊಳ್ಳಿ. ನಾಲ್ಕು ಕೋಣೆಗಳ ಚಿತ್ರ ಬರೆದು ರಕ್ತ ಹರಿಯುವ ದಿಕ್ಕಿಗೆ ಬಾಣ ಹಾಕಲು ಹೇಳಿದರೆ ಹೆಚ್ಚಿನವರು ಎಡವುವುದು ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ. ಅದು ಅಪಧಮನಿ, ಆದರೆ ಅದರಲ್ಲಿರುವುದು ಆಮ್ಲಜನಕ ಕಡಿಮೆಯಾದ ರಕ್ತ. ‘ಅಪಧಮನಿಯಲ್ಲಿ ಆಮ್ಲಜನಕಯುಕ್ತ ರಕ್ತ’ ಎಂದು ಉರು ಹೊಡೆದವರು ಇಲ್ಲಿ ಹೆಸರು ಅದಲುಬದಲು ಮಾಡುತ್ತಾರೆ. ಎಷ್ಟು ಸಲ ಓದಿದರೂ ಈ ಗೊಂದಲ ಗೊತ್ತಾಗುವುದಿಲ್ಲ, ಏಕೆಂದರೆ ಪುಸ್ತಕದ ಚಿತ್ರ ಸರಿಯಾಗಿಯೇ ಇರುತ್ತದೆ. ಸ್ವತಃ ಬರೆದಾಗಲೇ ಅದು ಬಯಲಾಗುವುದು. ಕೆಂಪು ಶಾಯಿಯಲ್ಲಿ ಸರಿಯುತ್ತರದ ಜೊತೆ ಕಾರಣವನ್ನೂ ಬರೆಸುತ್ತೇನೆ: ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ.

ಮತ್ತೆ ಮತ್ತೆ ಓದಿದ ಪುಟ ಕಣ್ಣಿಗೆ ಪರಿಚಿತವಾಗುತ್ತದೆ. ಆ ಪರಿಚಯವನ್ನೇ ನೆನಪು ಅಂದುಕೊಳ್ಳುತ್ತೇವೆ. ಹೈಲೈಟರ್ ಎಳೆದ ಪುಟದ್ದೂ ಇದೇ ಕಥೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ನೆನಪಿದ್ದದ್ದು ಸುಮಾರು ಶೇ. 42, ಒಮ್ಮೆ ಓದಿ ಆಮೇಲೆ ನೋಡದೆ ಬರೆದವರಿಗೆ ಶೇ. 56. ಶಾಲೆಯ ಪರೀಕ್ಷೆ ಬರುವುದು ದಿನ, ವಾರಗಳ ನಂತರ.

ಒಂದೊಂದು ಹಾಳೆಯ ವಿಷಯವನ್ನೂ ಮರುದಿನ, ನಾಲ್ಕನೆಯ ದಿನ, ಹತ್ತನೆಯ ದಿನ, ಕೊನೆಗೆ ಪರೀಕ್ಷೆಯ ವಾರದಲ್ಲಿ ಮತ್ತೆ ನೋಡದೆ ಬರೆಯಬೇಕು. ಮುಂದಿನ ತಾರೀಖನ್ನು ಹಾಳೆಯ ಮೂಲೆಯಲ್ಲೇ ಬರೆದಿಡಿ, ಇಲ್ಲವಾದರೆ ಅದು ಖಂಡಿತ ತಪ್ಪಿಹೋಗುತ್ತದೆ. ನಡುವೆ ಸ್ವಲ್ಪ ಮರೆತಿರುವುದು ಒಳ್ಳೆಯದೇ. ಮರೆತದ್ದನ್ನು ಹೆಣಗಿ ಹೊರತೆಗೆದಾಗ ಅದು ಗಟ್ಟಿಯಾಗುತ್ತದೆ. ಒಂದೇ ದಿನ ನಾಲ್ಕು ಸಲ ಬರೆದರೆ ಆ ಲಾಭವಿಲ್ಲ.

ಗಣಿತಕ್ಕೆ ಈ ಹಾಳೆಯೊಂದೇ ಸಾಲದು. ವರ್ಗ ಸಮೀಕರಣದ ಅಧ್ಯಾಯದಲ್ಲಿ ಇಪ್ಪತ್ತು ಲೆಕ್ಕಗಳನ್ನು ಸಾಲಾಗಿ ಬಿಡಿಸುವ ಹುಡುಗಿಗೆ ಯಾವ ವಿಧಾನ ಎಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ, ಅಧ್ಯಾಯದ ಹೆಸರೇ ಹೇಳಿಬಿಟ್ಟಿರುತ್ತದೆ. ಪರೀಕ್ಷೆಯಲ್ಲಿ ‘ಆಯತದ ಉದ್ದ ಅಗಲಕ್ಕಿಂತ 3 ಸೆಂ.ಮೀ. ಹೆಚ್ಚು, ವಿಸ್ತೀರ್ಣ 40 ಚ.ಸೆಂ.ಮೀ., ಅಗಲ ಎಷ್ಟು?’ ಎಂದು ಕೇಳಿದಾಗ ಅದು ವರ್ಗ ಸಮೀಕರಣ ಎಂದು ಹೊಳೆಯುವುದೇ ಅರ್ಧ ಕೆಲಸ. ಹಾಗಾಗಿ ನಾಲ್ಕು ಅಧ್ಯಾಯಗಳಿಂದ ತಲಾ ಮೂರು ಲೆಕ್ಕ ಆರಿಸಿ, ಚೀಟಿಗಳಲ್ಲಿ ಬರೆದು, ಕಲಸಿ, ಬಂದ ಕ್ರಮದಲ್ಲೇ ಬಿಡಿಸಬೇಕು. ಮೊದಮೊದಲು ತಪ್ಪು ಜಾಸ್ತಿಯಾಗುತ್ತದೆ, ಹೆದರಿ ನಿಲ್ಲಿಸಬೇಡಿ. ಮೇಲಿನ ಲೆಕ್ಕದಲ್ಲಿ 5 ಮತ್ತು −8 ಎಂಬ ಎರಡು ಬೆಲೆ ಬರುತ್ತವೆ. ಅಗಲ ಋಣ ಸಂಖ್ಯೆಯಾಗದು ಎಂಬ ಸಾಲು ಬರೆಯದೆ ಸುಮ್ಮನೆ 5 ಎಂದು ಮುಗಿಸಿ ಅಂಕ ಕಳೆದುಕೊಳ್ಳುವವರಿದ್ದಾರೆ.

ತಪ್ಪುಗಳಿಗೆಂದೇ ಒಂದು ನೋಟ್‌ಪುಸ್ತಕ ಬೇಕು. ಅದರಲ್ಲಿ ‘ಗಮನ ಕೊಡಲಿಲ್ಲ’ ಎಂದು ಬರೆಯಲು ನಾನು ಬಿಡುವುದಿಲ್ಲ. ‘ಆವರಣ ಬಿಡಿಸುವಾಗ ಎರಡನೆಯ ಪದದ ಚಿಹ್ನೆ ಬದಲಿಸಲಿಲ್ಲ’ ಎಂದು ಬರೆದರೆ ಅದೇ ತಪ್ಪು ವಾರದಲ್ಲಿ ಎಷ್ಟು ಸಲ ಬಂತು ಎಂಬುದು ಕಣ್ಣಿಗೆ ಕಾಣುತ್ತದೆ.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಗಡಿಯಾರ ಎದುರಿಗಿರಲಿ. 80 ಅಂಕಕ್ಕೆ 180 ನಿಮಿಷ ಎಂದಾದರೆ 20 ನಿಮಿಷ ಮರುಪರಿಶೀಲನೆಗೆ ತೆಗೆದಿಟ್ಟು ಅಂಕಕ್ಕೆ ಎರಡು ನಿಮಿಷ. 5 ಅಂಕದ ಪ್ರಶ್ನೆ ಹತ್ತು ನಿಮಿಷ ಮೀರಿದರೆ ಜಾಗ ಬಿಟ್ಟು ಮುಂದಕ್ಕೆ ಹೋಗಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಹೊಸ ಅಧ್ಯಾಯ ತೆರೆಯದೆ, ಕೆಂಪು ಅಕ್ಷರಗಳನ್ನೂ ತಪ್ಪಿನ ಪುಸ್ತಕವನ್ನೂ ಮುಕ್ಕಾಲು ಗಂಟೆ ನೋಡಿ ಮಲಗಬೇಕು. ನಿದ್ದೆಗೆಟ್ಟರೆ ಗೊತ್ತಿದ್ದದ್ದೂ ಸಮಯಕ್ಕೆ ಹೊಳೆಯುವುದಿಲ್ಲ.

ಹತ್ತೇ ದಿನ ಉಳಿದಿದ್ದರೆ ಮೊದಲ ದಿನವೇ ಒಂದು ಹಳೆಯ ಪ್ರಶ್ನೆಪತ್ರಿಕೆ ಬರೆದು, ಅಂಕ ಎಲ್ಲಿ ಹೋಯಿತು ಎಂದು ಅಧ್ಯಾಯವಾರು ಗುರುತು ಹಾಕಿಕೊಳ್ಳಿ. ಹೆಚ್ಚು ಅಂಕ ಹೋದ ಅಧ್ಯಾಯಗಳಿಗೆ ಮೊದಲು ಹಾಳೆ ಮಾಡಿ, ಅವುಗಳನ್ನು ಮರುದಿನ, ಮೂರನೆಯ ದಿನ, ಏಳನೆಯ ದಿನ ಮತ್ತೆ ಬರೆಯಿರಿ; ಉಳಿದವಕ್ಕೆ ಒಂದೊಂದು ಸಲ ಬರೆದರೆ ಸಾಕು.